ಭೋಜ ಮಾಸ್ತರರ ವಾಚಿಗೊಂದು ಮೆಶಿನ್

ಕಾಪುವಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದ ಭೋಜ ಸಾಲ್ಯಾನರಿಗೆ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು: ಯಾರಿಗೂ ಸಮಯದ ಬೆಲೆ ಗೊತ್ತಿಲ್ಲ. ಬಸ್ಸಿನವನಿಗೆ ಗೊತ್ತಿಲ್ಲ, ಮೀನಿನವಳಿಗೆ ಗೊತ್ತಿಲ್ಲ, ಮುಹೂರ್ತ ಇಟ್ಟುಕೊಡುವ ಭಟ್ಟರಿಗಂತೂ ಮೊದಲೇ ಗೊತ್ತಿಲ್ಲ. ಈ ದೂರನ್ನು ಅವರು ಹದಿನಾಲ್ಕು ವರ್ಷ ಯಾವ ಪುರಾವೆಯೂ ಇಲ್ಲದೆ ಬರಿಗೈಯಲ್ಲಿ ಹೇಳಿಕೊಂಡು ಬಂದಿದ್ದರು. ಎಪ್ಪತ್ತೊಂಬತ್ತನೆಯ ಇಸವಿಯ ಮೇ ತಿಂಗಳಲ್ಲಿ ಹೆಂಡತಿ ಕುಶಲಾಳ ತಮ್ಮ ದೇವದಾಸ ಬಹರೈನಿನಿಂದ ರಜೆಯಲ್ಲಿ ಬಂದು ಭಾವನ ಎಡಗೈಗೆ ಒಂದು ಸ್ವಿಸ್ ವಾಚು ಕಟ್ಟಿದ. ಅಲ್ಲಿಂದ ಮುಂದೆ ಊರಿಗೆ ನೆಮ್ಮದಿ ಇಲ್ಲದಾಯಿತು.

ಅದು ಬರೇ ಗಂಟೆ ತೋರಿಸುವ ವಾಚಲ್ಲ. ದೊಡ್ಡ ಮುಖದೊಳಗೆ ಎರಡು ಸಣ್ಣ ಮುಖಗಳು. ಕೀಲಿ ಕೊಡುವ ತಿರುಪಿನ ಮೇಲೊಂದು, ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ಕೆಂಪು ಮುಳ್ಳು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಹಾರಿ ಮೊದಲಿನ ಜಾಗಕ್ಕೆ ಬರುತ್ತದೆ. ಒಂದು ಸೆಕೆಂಡನ್ನು ಐದು ಹೋಳು ಮಾಡಿ ಒಂದೊಂದು ಹೋಳನ್ನೂ ಬೇರೆ ಬೇರೆ ತೋರಿಸುವ ಯಂತ್ರ ಅದು. ಮಾಸ್ತರರು ಕುಶಲಾಳ ಇಡ್ಲಿ ಬೇಯುವ ಸಮಯವನ್ನು ಅಳೆದರು. ಕಾಪುವಿನಿಂದ ಉದ್ಯಾವರಕ್ಕೆ ಬಸ್ಸು ತೆಗೆದುಕೊಳ್ಳುವ ಸಮಯವನ್ನು ಅಳೆದು ಡ್ರೈವರನಿಗೆ ಹೇಳಿದರು. ಅವನು ಇಳಿಯಲು ಹೇಳಿದ. ಸ್ವಾತಂತ್ರ್ಯೋತ್ಸವದಂದು ಧನ್ಯವಾದ ಹೇಳಲು ಎದ್ದು ನಿಂತವರು, "ಹದಿನೇಳು ನಿಮಿಷ ನಲವತ್ತೆರಡು ಸೆಕೆಂಡು, ಅದರ ಮೇಲೆ ಐದರಲ್ಲಿ ಎರಡು ಪಾಲು ಹೊತ್ತು ನಮ್ಮನ್ನು ಉದ್ದೇಶಿಸಿ ಮಾತನಾಡಿದ ಹೆಡ್‌ಮಾಸ್ತರರಿಗೆ" ಎಂದು ಶುರುಮಾಡಿದರು. ಬಿಸಿಲಿಗೆ ನಿಂತಿದ್ದ ಮಕ್ಕಳು ಆ ವರ್ಷ ಮೊದಲ ಬಾರಿಗೆ ಮನಸ್ಸಿಟ್ಟು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರ್ ರಾಮದಾಸ ರಾಯರು ಮಾತ್ರ ತಟ್ಟಲಿಲ್ಲ.

ಆದರೆ ಕೀರ್ತಿ ಎಂಬುದು ತಡೆದರೆ ನಿಲ್ಲುವಂಥದ್ದಲ್ಲ. ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ನಡೆಯಬೇಕಿದ್ದ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಭೋಜ ಮಾಸ್ತರರನ್ನು ಮುಖ್ಯ ಸಮಯಪಾಲಕರನ್ನಾಗಿ ನೇಮಿಸಿ ಕಾಗದ ಬಂತು. ತಮ್ಮ ಸ್ವಂತ ವಾಚನ್ನು ತರಬೇಕೆಂಬ ವಿನಂತಿಯೂ ಅದರಲ್ಲಿತ್ತು. ಮಾಸ್ತರರು ಆ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಜನಾರ್ದನನ ಸೋಡಾ ಅಂಗಡಿಗೆ ಹೋದರು.

ಜನಾರ್ದನ ಅವರ ನೆರೆಮನೆಯವನು. ಯಾವುದನ್ನೂ ಒಂದೇ ಸಲಕ್ಕೆ ನಂಬುವ ಮನುಷ್ಯನಲ್ಲ. ಕಾಗದವನ್ನು ಎರಡು ಬಾರಿ ಓದಿ, ವಾಚನ್ನು ಓರೆಗಣ್ಣಿನಿಂದ ನೋಡಿ, ಎಲ್ಲ ಸರಿ, ಇದಕ್ಕೆ ನೀರು ತಾಗಿದರೆ ಎಂತ ಗತಿ ಎಂದು ಕೇಳಿದ. ನೀರು ಒಳಗೆ ಹೋಗುವುದಿಲ್ಲವೆಂದು ವಾಚಿನ ಬೆನ್ನಿನಲ್ಲೇ ಬರೆದಿದೆ ಎಂದರು ಮಾಸ್ತರರು. ಬರೆದದ್ದೆಲ್ಲ ನಿಜವಾದರೆ ನನ್ನ ಅಂಗಡಿಯಲ್ಲಿ 'ನಾಳೆ ಸಾಲ' ಅಂತ ಬರೆದಿದ್ದೇನಲ್ಲ, ಅದೂ ನಿಜವಾಗಬೇಕಿತ್ತು ಎಂದ ಜನಾರ್ದನ. ಅಲ್ಲಿ ಕೂತಿದ್ದ ನಾಲ್ಕು ಜನ ನಕ್ಕರು.

ಇಡೀ ಸ್ವಿಟ್ಜರ್‌ಲೆಂಡ್ ದೇಶದ ಮಾನ ತನ್ನ ಎಡಗೈಯ ಮೇಲಿದೆ ಎಂದು ಮಾಸ್ತರರಿಗೆ ಆ ಕ್ಷಣದಲ್ಲಿ ಅನಿಸಿತು. ಅವರು ಎದ್ದು ಕಡಲಿನ ಕಡೆಗೆ ನಡೆದರು. ಹಿಂದಿನಿಂದ ಜನಾರ್ದನ, ಅವನ ಹಿಂದೆ ನಾಲ್ಕು ಗಿರಾಕಿಗಳು. ದೀಪಸ್ತಂಭದ ಬಂಡೆಯ ಪಕ್ಕದಲ್ಲಿ ಮಾಸ್ತರರು ಎದೆಮಟ್ಟದ ನೀರಿಗಿಳಿದು, ಐದು ನಿಮಿಷ ಕೈಯನ್ನು ಮುಳುಗಿಸಿ ಇಡುವುದಾಗಿ ಘೋಷಿಸಿ, ನೀರಿನೊಳಗೇ ಗುಂಡಿ ಒತ್ತಿದರು. ಆಗಾಗ ಕೈಯೆತ್ತಿ ನೋಡಿದರು. ಎರಡು ನಿಮಿಷ ಹನ್ನೊಂದು ಸೆಕೆಂಡು ಆಗಿತ್ತು. ಮತ್ತೆ ಮುಳುಗಿಸಿದರು. ಮತ್ತೆ ನೋಡಿದರು. ಎರಡು ನಿಮಿಷ ಹನ್ನೊಂದು ಸೆಕೆಂಡೇ ಆಗಿತ್ತು. ಕಷ್ಟದಲ್ಲಿರುವಾಗ ಹೊತ್ತು ಹೋಗುವುದಿಲ್ಲವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ ಎಂದುಕೊಂಡು ಅವರು ಹಲ್ಲು ಕಚ್ಚಿ ನಿಂತರು. ದಡದಲ್ಲಿದ್ದವರು ನಿಂತು ನಿಂತು ಕಾಲು ನೋವು ಬಂದು ಒಬ್ಬೊಬ್ಬರಾಗಿ ಮನೆಗೆ ಹೋದರು. ಕೊನೆಗೆ ಉಳಿದ ಜನಾರ್ದನ, "ಮಾಸ್ಟ್ರೇ, ಮುಕ್ಕಾಲು ಗಂಟೆ ಆಯಿತು ಮಾರಾಯ್ರೇ, ವಾಚು ಗಟ್ಟಿ ಉಂಟು, ಒಪ್ಪಿದೆ" ಎಂದು ಕೂಗಿ ಹೇಳಿ ಅವನೂ ಹೋದ. ಹೀಗೆ ಪಂದ್ಯದಲ್ಲಿ ಮಾಸ್ತರರು ಗೆದ್ದರು.

ಮರುದಿನ ಅವರು ಯಾರಿಗೂ ಹೇಳದೆ ಉಡುಪಿಗೆ ಹೋಗಿ, ರಥಬೀದಿಯ ಹಿಂದಿನ ಓಣಿಯಲ್ಲಿ ಕಪಾಟಿನಷ್ಟೇ ಅಗಲದ ಅಂಗಡಿಯಲ್ಲಿ ಕೂರುತ್ತಿದ್ದ ವಿಷ್ಣುಮೂರ್ತಿ ಆಚಾರ್ಯರ ಮುಂದೆ ವಾಚನ್ನು ಇಟ್ಟರು. ಆಚಾರ್ಯರು ಕಣ್ಣಿಗೆ ಮಸೂರ ಸಿಕ್ಕಿಸಿ ಬೆನ್ನಿನ ಮುಚ್ಚಳ ತೆಗೆದರು. ಒಳಗಿನಿಂದ ಒಂದು ಚಮಚ ಅರಬ್ಬೀ ಸಮುದ್ರ ಹೊರಗೆ ಬಂತು.

"ನೀರಿನಲ್ಲಿ ಗುಂಡಿ ಒತ್ತಿದಿರಾ?" ಎಂದು ಕೇಳಿದರು ಆಚಾರ್ಯರು.

"ಒತ್ತದೆ ಸಮಯ ನೋಡುವುದು ಹೇಗೆ?" ಎಂದರು ಮಾಸ್ತರರು ಕೋಪದಿಂದ.

ಆಚಾರ್ಯರು ವಾದಕ್ಕಿಳಿಯಲಿಲ್ಲ. ಒಳಗಿನದ್ದನ್ನು ಪೆಟ್ರೋಲಿನಲ್ಲಿ ತೊಳೆದು, ಊದಿ, ಇಕ್ಕಳದಿಂದ ಅಲ್ಲಿ ಇಲ್ಲಿ ಮುಟ್ಟಿ ನೋಡಿ, ಕಾಯಿಲೆಯವರ ಮನೆಯವರಿಗೆ ಹೇಳುವ ಸ್ವರದಲ್ಲಿ ವಿಷಯ ಹೇಳಿದರು. ಉಪ್ಪು ಹಿಡಿದಿದೆ. ಮುಖ್ಯ ಚಕ್ರಗಳು ಹೋಗಿವೆ. ಇನ್ನು ಇಡೀ ಮೆಶಿನ್ ಬದಲಾಯಿಸಬೇಕು. ಹೊಸ ಮೆಶಿನ್ ಬೊಂಬಾಯಿಯಿಂದ ತರಿಸಿದರೆ ಅದೇ ಕ್ರಯಕ್ಕೆ ಒಂದು ಎಮ್ಮೆ ಬರುತ್ತದೆ. ಆದರೆ ಅಗ್ಗದ ದಾರಿ ಒಂದು ಉಂಟು. ವಾಚಿನ ಮುಖದ ಮೇಲೆ ಯಾವ ಕಂಪನಿಯ ಹೆಸರಾದರೂ ಇರಲಿ, ಒಳಗಿನ ಮೆಶಿನ್ ಹತ್ತಾರು ಕಂಪನಿಗಳಿಗೆ ಒಂದೇ. ಅದರ ಮೇಲೆ ನಂಬರು ಕೊರೆದಿರುತ್ತದೆ. ಗಲ್ಫಿನಿಂದ ಬಂದವರ ಮನೆಯಲ್ಲಿ ಗಾಜು ಒಡೆದ, ಕಟ್ಟು ಹಾಳಾದ ಇಂಥ ವಾಚು ಮೂಲೆಯಲ್ಲಿ ಬಿದ್ದಿರುವುದುಂಟು. ಅದೇ ನಂಬರಿನದ್ದು ಸಿಕ್ಕಿದರೆ ಅರುವತ್ತು ರೂಪಾಯಿ ಕೊಟ್ಟು ತನ್ನಿ, ಮೆಶಿನ್ ತೆಗೆದು ಇದಕ್ಕೆ ಕೂರಿಸಿ ಕೊಡುತ್ತೇನೆ. ಹೀಗೆಂದು ಆಚಾರ್ಯರು ಒಂದು ಚೀಟಿಯಲ್ಲಿ 7733 ಎಂದು ಬರೆದು ಕೊಟ್ಟರು.

ಇಲ್ಲಿಂದ ಮಾಸ್ತರರು ಊರಿಗೆ ಬಂದು, ನನ್ನ ವಾಚು ಹಾಳಾಗಿದೆ, ಇಂಥದ್ದು ಬೇಕು ಎಂದು ನಾಲ್ಕು ಜನರಲ್ಲಿ ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಹೇಳುವುದು ಹೇಗೆ? ಪಂದ್ಯ ಗೆದ್ದ ವಾಚು ಅದು. ಹೆಡ್‌ಮಾಸ್ತರರಿಗೆ ಗೊತ್ತಾದರೆ ಸಮಯಪಾಲಕರ ಹುದ್ದೆ ಅದೇ ದಿನ ಬೇರೆಯವರಿಗೆ ಹೋಗುತ್ತದೆ. ಆದ್ದರಿಂದ ಮಾಸ್ತರರು ಸತ್ತ ವಾಚನ್ನೇ ಕೈಗೆ ಕಟ್ಟಿಕೊಂಡರು. ದಿನಾ ಬೆಳಿಗ್ಗೆ ಕೀಲಿ ಕೊಟ್ಟಂತೆ ಮಾಡಿದರು. ಗಂಟೆ ಕೇಳಿದವರಿಗೆ ಸೂರ್ಯನನ್ನು ಕದ್ದು ನೋಡಿ ಉತ್ತರ ಹೇಳಿದರು. ಮೆಶಿನನ್ನು ಹುಡುಕುವ ಕೆಲಸವನ್ನು ವಾಚಿನ ಹೆಸರೆತ್ತದೆ ಮಾಡಲು ನಿರ್ಧರಿಸಿದರು.

ಜನಾರ್ದನನ ಅಂಗಡಿಗೆ ಗಲ್ಫಿನವರೂ ಹಡಗಿನವರೂ ಬರುತ್ತಿದ್ದರು. ಮಾಸ್ತರರು ಅವನನ್ನು ಹಿತ್ತಲಿಗೆ ಕರೆದು ಚೀಟಿ ತೋರಿಸಿ, ಈ ನಂಬರು ಯಾರಲ್ಲಿಯಾದರೂ ಉಂಟೋ ಎಂದು ವಿಚಾರಿಸು, ಎಂತದ್ದು ಏನು ಎಂದು ಕೇಳಬೇಡ, ನನ್ನ ಹೆಸರು ಹೊರಗೆ ಬರಬಾರದು ಎಂದರು. ಜನಾರ್ದನ ಚೀಟಿಯನ್ನೂ ಮಾಸ್ತರರ ಮುಖವನ್ನೂ ಬಹಳ ಹೊತ್ತು ನೋಡಿದ. ಅವನ ಕಣ್ಣಿನಲ್ಲಿ ಒಂದು ಗೌರವ ಮೂಡಿತು. ಅಂಥದ್ದನ್ನು ಮಾಸ್ತರರು ಅವನಲ್ಲಿ ಹಿಂದೆ ಕಂಡಿರಲಿಲ್ಲ.

ಆ ಕಾಲದಲ್ಲಿ ಊರೂರಿನಲ್ಲಿ ಮಟ್ಕಾ ಎಂಬ ಜೂಜು ಹಬ್ಬಿತ್ತು. ದಿನಕ್ಕೆ ಎರಡು ಅಂಕೆಗಳು ಬೊಂಬಾಯಿಯಲ್ಲಿ ಬೀಳುತ್ತವೆ; ಮೊದಲಿನದಕ್ಕೆ ಓಪನ್, ಎರಡನೆಯದಕ್ಕೆ ಕ್ಲೋಸ್ ಎಂದು ಹೆಸರು. ಯಾವ ಅಂಕೆ ಬೀಳುತ್ತದೆಂದು ಮೊದಲೇ ಊಹಿಸಿ ಚೀಟಿ ಬರೆಸಿದವನಿಗೆ ಲಾಭ. ಪೊಲೀಸರಿಗೆ ಅದು ಅಪರಾಧ, ಊರಿಗೆ ಅದು ಶಾಸ್ತ್ರ. ಕನಸಿನಲ್ಲಿ ಕಂಡ ಹಾವಿಗೂ ಕಾಗೆ ಕೂಗಿದ್ದಕ್ಕೂ ಅಂಕೆ ಇತ್ತು. ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂಬ ನಂಬಿಕೆಯಿಂದ ಎಲ್ಲರೂ ಇದನ್ನು ಸೂಚನೆಯಲ್ಲೇ ಮಾತಾಡುತ್ತಿದ್ದರು. ಜೂಜೆಂದರೆ ಮೂಗು ಮುರಿಯುತ್ತಿದ್ದ ಭೋಜ ಮಾಸ್ತರರೊಬ್ಬರಿಗೇ ಆ ಭಾಷೆ ಬರುತ್ತಿರಲಿಲ್ಲ.

ಜನಾರ್ದನ ಓಪನಿಗೆ ಏಳು, ಕ್ಲೋಸಿಗೆ ಮೂರು ಬರೆಸಿದ. ಏಳೂ ಬಿತ್ತು, ಮೂರೂ ಬಿತ್ತು.

ಮರುದಿನ ಮಾಸ್ತರರು ಎದ್ದು ಬಾಗಿಲು ತೆರೆದಾಗ ಮೆಟ್ಟಿಲಿನ ಮೇಲೆ ಒಂದು ಬುಟ್ಟಿ ಮಟ್ಟುಗುಳ್ಳ ಬದನೆ ಇತ್ತು. ಅದರ ಪಕ್ಕದಲ್ಲಿ ತೋಳಿನುದ್ದದ ಒಂದು ಅಂಜಲ್ ಮೀನು. ಶಾಲೆಯ ದಾರಿಯಲ್ಲಿ ಪರಿಚಯವಿಲ್ಲದ ಮೂವರು ಎದ್ದು ನಿಂತು ಕೈಮುಗಿದರು. ತನ್ನ ನೇಮಕದ ಸುದ್ದಿ ಕೊನೆಗೂ ಊರಿಗೆ ಮುಟ್ಟಿತೆಂದು ಮಾಸ್ತರರು ತಿಳಿದರು. ತಡವಾಗಿ ಮುಟ್ಟಿತಲ್ಲ ಎಂಬ ಸಿಟ್ಟು ಇತ್ತಾದರೂ ಅಂಜಲ್ ತಾಜಾ ಇತ್ತು.

ಸಂಜೆ ಜನಾರ್ದನ ಬೇಲಿಯ ಬಳಿ ಬಂದು, ತಗ್ಗಿದ ಸ್ವರದಲ್ಲಿ, "ಮಾಸ್ಟ್ರೇ, ನಾಳೆಗೆ ಎಂತ ಉಂಟು?" ಎಂದು ಕೇಳಿದ.

"ನಾಳೆ ಎಂಟನೆಯವರಿಗೆ ಕಬಡ್ಡಿ," ಎಂದರು ಮಾಸ್ತರರು.

ಜನಾರ್ದನ ಕಬಡ್ಡಿಗೆ ಎಷ್ಟು ಜನ ಎಂದು ವಿಚಾರಿಸಿದ. ಇಷ್ಟೂ ಗೊತ್ತಿಲ್ಲವೆ ನಿನಗೆ, ಏಳು ಜನ ಎಂದು ಮಾಸ್ತರರು ಬೈದರು. ಅಂದು ಕಾಪುವಿನ ಅರ್ಧ ಜನ ಎಂಟಕ್ಕೂ ಏಳಕ್ಕೂ ಬರೆಸಿದರು. ಎಂಟು ಬಿತ್ತು, ಏಳು ಬೀಳಲಿಲ್ಲ. ಒಂದು ತಂಡದಲ್ಲಿ ಯಾರಿಗೋ ಹುಷಾರಿರಲಿಲ್ಲವಂತೆ, ಮಾಸ್ತರರದ್ದೇನೂ ತಪ್ಪಿಲ್ಲ ಎಂದು ತಿಳಿದವರು ಸಮಾಧಾನ ಹೇಳಿದರು.

ಇತ್ತ ಮಾಸ್ತರರ ಹುಡುಕಾಟ ಸಾಗಿತ್ತು. ಬಹರೈನಿಗೆ ಬರೆದರೆ ಉತ್ತರ ಬರಲು ತಿಂಗಳು, ಜೊತೆಗೆ ಭಾವಮೈದುನನ ಮುಂದೆ ನಗೆಪಾಟಲು. ಶಿರ್ವದಲ್ಲಿ ಬೆಂಜಮಿನ್ ಪರ್ಬುಗಳೆಂಬವರು ಇಪ್ಪತ್ತು ವರ್ಷ ಕುವೈತಿನಲ್ಲಿದ್ದು ಬಂದು ದೊಡ್ಡ ಮನೆ ಕಟ್ಟಿಸಿದ್ದಾರೆ, ಅವರಲ್ಲಿ ಒಂದು ಪೆಟ್ಟಿಗೆ ತುಂಬ ಹಳೆಯ ವಾಚುಗಳಿವೆ ಎಂದು ಆಚಾರ್ಯರೇ ಹೇಳಿದ್ದರು. ಮಾಸ್ತರರು ಭಾನುವಾರ ಶಿರ್ವದ ಬಸ್ಸು ಹತ್ತಿದರು. ಮಾಸ್ತರರಿಗೆ ಅಂಕೆಗಳು ಎಲ್ಲಿಂದ ಬರುತ್ತವೆ ಎಂದು ಪತ್ತೆ ಹಚ್ಚಲು ಕಾಪುವಿನ ಇಬ್ಬರು ಅದೇ ಬಸ್ಸನ್ನು ಹತ್ತಿದ್ದರು. ಬೆಂಜಮಿನ್ ಪರ್ಬುಗಳ ಗೇಟಿನ ಹೊರಗೆ ಆ ಇಬ್ಬರು ನಿಂತು, ಜನ್ಮದಲ್ಲಿ ತೆಂಗಿನಮರ ಕಾಣದವರಂತೆ ಒಂದು ತೆಂಗಿನಮರವನ್ನು ನೋಡತೊಡಗಿದರು. ಅವರನ್ನು ಕಂಡ ಮಾಸ್ತರರು ಸ್ವರ ತಗ್ಗಿಸಿದರು.

"ಪರ್ಬುಗಳೇ, ನಿಮ್ಮಲ್ಲಿ ಏಳು ಏಳು ಮೂರು ಮೂರು ಉಂಟಂತೆ?"

ಬೆಂಜಮಿನ್ ಪರ್ಬುಗಳು ದಿನಾ ಇಗರ್ಜಿಗೆ ಪ್ರಾರ್ಥನೆಗೆ ಹೋಗುವ ಮನುಷ್ಯ. ಏಳು-ಮೂರು ಬಿದ್ದ ಸುದ್ದಿ ಶಿರ್ವಕ್ಕೂ ಬಂದಿತ್ತು. ಅವರ ಮುಖ ಕೆಂಪಾಯಿತು. ಅದರ ಹೆಸರು ಈ ಮನೆಯಲ್ಲಿ ಎತ್ತಬಾರದು, ನನ್ನ ತಮ್ಮ ಲೂಯಿಸ್ ಅದರ ಹಿಂದೆ ಹೋಗಿಯೇ ಗದ್ದೆ ಮಾರಿದ ಎಂದರು.

ಮಾಸ್ತರರಿಗೆ ಆಶ್ಚರ್ಯವಾಯಿತು. ಗದ್ದೆ ಮಾರುವಷ್ಟು ಕ್ರಯ ಇಲ್ಲ, ನಿಮ್ಮ ತಮ್ಮನಿಗೆ ಯಾರೋ ಮೋಸ ಮಾಡಿದ್ದಾರೆ, ಹಳೆಯದಾದರೆ ಅರುವತ್ತು ರೂಪಾಯಿಗೆ ಸಿಗುತ್ತದೆ ಎಂದು ತಿಳಿಹೇಳಿದರು.

"ಹಳೆಯ ನಂಬರನ್ನು ಅರುವತ್ತಕ್ಕೆ ಯಾರು ತೆಗೆದುಕೊಳ್ಳುತ್ತಾರೆ?" ಎಂದರು ಪರ್ಬುಗಳು.

"ನಾನು ತೆಗೆದುಕೊಳ್ಳುತ್ತೇನೆ. ನನಗೆ ಒಂದು ದಿನ ಸರಿಯಾಗಿ ಓಡಿದರೆ ಸಾಕು, ಮಣಿಪಾಲದಲ್ಲಿ. ಜಿಲ್ಲೆಯ ಮಕ್ಕಳೆಲ್ಲ ಬರುತ್ತಾರೆ."

"ಮಕ್ಕಳಿಗೂ ಕಲಿಸುತ್ತೀರಾ ಇದನ್ನು?" ಎಂದು ಕೇಳುತ್ತಾ ಪರ್ಬುಗಳು ಜಗಲಿಯಿಂದ ಕೆಳಗಿಳಿದರು.

ಮಕ್ಕಳಿಗೆ ಕಲಿಸದೆ ಇನ್ನಾರಿಗೆ ಕಲಿಸುವುದು, ಅದಕ್ಕೇ ಸರಕಾರ ನನಗೆ ಸಂಬಳ ಕೊಡುವುದು ಎಂದರು ಮಾಸ್ತರರು. ಪರ್ಬುಗಳು ನಾಯಿಯ ಸರಪಳಿ ಬಿಚ್ಚಿದರು.

ಬಸ್‌ಸ್ಟ್ಯಾಂಡಿನವರೆಗೆ ಓಡಿದ ಮಾಸ್ತರರಿಗೆ ಉಸಿರು ಬಂದ ಮೇಲೆ ಬಂದದ್ದು ಕೋಪ. ಇಲ್ಲವಾದರೆ ಇಲ್ಲ ಎಂದರಾಗುತ್ತಿತ್ತು. ಒಂದು ಹಳೆಯ ಮೆಶಿನ್ ಕೇಳಲು ಬಂದವನಿಗೆ ನಾಯಿ ಬಿಡುವ ಕ್ರಮ ಯಾವ ದೇಶದ್ದು? ಅದೇ ಕೋಪದಲ್ಲಿ ಅವರು ಕಾಪುವಿಗೆ ಬಂದಿಳಿದರೆ ನಿಲ್ದಾಣದಲ್ಲಿ ಹತ್ತು ಹದಿನೈದು ಜನ ಕಾದಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ, ನಾಳೆಗೆ ಎಂತ, ನಾಳೆಗೆ ಎಂತ. ಮಾಸ್ತರರಿಗೆ ರೇಗಿಹೋಯಿತು. "ಸೊನ್ನೆ," ಎಂದರು. "ನನ್ನ ಹತ್ತಿರ ಕೇಳಿದರೆ ಸೊನ್ನೆ ಸಿಗುತ್ತದೆ. ಅದರ ಮೇಲೆ ಇನ್ನೊಂದು ಸೊನ್ನೆ." ಜನ ಗಲಾಟೆ ಮಾಡದೆ, ಕೃತಜ್ಞತೆಯಿಂದ ಕರಗಿದರು.

ಮರುದಿನ ರಾತ್ರಿ ಬೊಂಬಾಯಿಯಲ್ಲಿ ಬಿದ್ದದ್ದು ನಾಲ್ಕು ಮತ್ತು ಒಂಬತ್ತು.

ಇಷ್ಟೇ ಆಗಿದ್ದರೆ ಮಾಸ್ತರರು ಎರಡು ದಿನ ಬೈಗುಳ ತಿಂದು ಪಾರಾಗುತ್ತಿದ್ದರು. ಆದರೆ ಹಿಂದಿನ ವಾರ ಅವರು ಕಾರ್ಕಳದ ಲಿಯೋನೆಲ್ ಎಂಬ ವಾಚು ರಿಪೇರಿಯವನಿಗೆ, ವಿಳಾಸದಲ್ಲೂ ವಾಚಿನ ಹೆಸರೆತ್ತದೆ, ಒಂದು ಕಾರ್ಡು ಬರೆದಿದ್ದರು. ಮನೆಯ ವಿಳಾಸ ಕೊಟ್ಟರೆ ಉತ್ತರ ಕುಶಲಾಳ ಕೈಗೆ ಸಿಗುತ್ತದೆಂದು ಹೆದರಿ ಶಾಲೆಯ ವಿಳಾಸ ಕೊಟ್ಟಿದ್ದರು. ಲಿಯೋನೆಲ್ ಅಂಗಡಿ ಮುಚ್ಚಿ ಬೊಂಬಾಯಿಗೆ ಹೋಗಿ ವರ್ಷವಾಗಿತ್ತು. ಕಾರ್ಡು ಹಿಂದಿರುಗಿ ನೇರವಾಗಿ ಹೆಡ್‌ಮಾಸ್ತರರ ಮೇಜಿಗೆ ಬಂತು. ರಾಮದಾಸ ರಾಯರು ಅದನ್ನು ಹದಿನೇಳು ನಿಮಿಷ ಓದಿದರೆಂದು ಜವಾನ ಆಮೇಲೆ ಹೇಳಿದ. ಅದರಲ್ಲಿ ಇದ್ದದ್ದು ಇಷ್ಟು:

"7733 ಸಿಕ್ಕಿದರೆ ಕೂಡಲೇ ತಿಳಿಸಿ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಓಪನ್ ಮಾಡಿದರೆ ನಂಬರು ಕಾಣುತ್ತದೆ. ಸರಿಯಾಗಿದ್ದರೆ ಕ್ಲೋಸ್ ಮಾಡಿ ಇಡಿ, ನಾನೇ ಬರುತ್ತೇನೆ. ಕ್ರೀಡಾಕೂಟದೊಳಗೆ ಆಗಬೇಕು. ಶಾಲೆಯಲ್ಲಿ ಗೊತ್ತಾದರೆ ನನ್ನ ಮಾನ ಹೋಗುತ್ತದೆ."

ಮಂಗಳವಾರ ಹನ್ನೊಂದು ಗಂಟೆಗೆ ಹೆಡ್‌ಮಾಸ್ತರರ ಕೋಣೆಯಲ್ಲಿ ಸಬ್‌ಇನ್‌ಸ್ಪೆಕ್ಟರರು ಕೂತಿದ್ದರು. ಮಂಡ್ಯದ ಕಡೆಯ ಯುವಕ, ಈ ಸೀಮೆಗೆ ಬಂದು ಎರಡು ತಿಂಗಳಾಗಿತ್ತು. ಇಲ್ಲಿಯವರು ಮಾತಾಡುವ ಕನ್ನಡ ಅವರಿಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು. ಮೂಲೆಯಲ್ಲಿ ಸಾಕ್ಷಿಯಾಗಿ ಜನಾರ್ದನ, ತಾನು ಸಾಕ್ಷಿಯೋ ಆರೋಪಿಯೋ ತಿಳಿಯದೆ ನಿಂತಿದ್ದ. ಕಿಟಕಿಯ ಹೊರಗೆ ಸೊನ್ನೆಗೆ ಬರೆಸಿದವರೆಲ್ಲ ನೆರೆದಿದ್ದರು. ಭೋಜ ಮಾಸ್ತರರನ್ನು ಮೈದಾನದಿಂದ ಕರೆಸಲಾಯಿತು.

ಇನ್‌ಸ್ಪೆಕ್ಟರರು ಕಾರ್ಡನ್ನು ಎತ್ತಿ ಹಿಡಿದು, "ಏನ್ರೀ ಮೇಷ್ಟ್ರೇ, ಇದು ನಿಮ್ಮ ಅಕ್ಷರಾನಾ?" ಎಂದು ಕೇಳಿದರು.

ಮಾಸ್ತರರು ನೋಡಿದರು. ಅಕ್ಷರ ತಮ್ಮದೇ ಎಂದು ಒಪ್ಪಿದರು. ಬೇರೆಯವರ ಕಾರ್ಡು ಓದುವುದು ಸಭ್ಯರ ಲಕ್ಷಣವಲ್ಲ ಎಂದೂ ಹೇಳಿದರು. ಮಟ್ಕಾ ನಂಬರು ಹಂಚುವುದು ಯಾರ ಲಕ್ಷಣ ಎಂದು ರಾಮದಾಸ ರಾಯರು ಕೇಳಿದರು. ಆಗ ಮಾತ್ರ ಮಾಸ್ತರರಿಗೆ ಗುಳ್ಳ, ಅಂಜಲ್, ಕೈಮುಗಿದವರು, ನಾಯಿ, ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಂತವು.

ಹದಿನಾಲ್ಕು ವರ್ಷ ಸುಳ್ಳು ಸೀಟಿ ಊದದ ಮನುಷ್ಯ ಅವರು. ಕೋಪದಲ್ಲಿ ಹೊರಟ ಮಾತು ಸಹಾಯಕ್ಕೆ ಬರುವಂತಿರಲಿಲ್ಲ. ಆ ನಂಬರು ಜೂಜಿನದಲ್ಲ ಎಂದರು. ಹಾಗಾದರೆ ಎಂತದ್ದು ಎಂದರೆ, ಅದನ್ನು ಹೇಳಲಾಗುವುದಿಲ್ಲ ಎಂದರು. ಯಾಕೆ ಎಂದರೆ, ಹೇಳಿದರೆ ಕ್ರೀಡಾಕೂಟಕ್ಕೆ ತೊಂದರೆಯಾಗುತ್ತದೆ ಎಂದರು. ಇನ್‌ಸ್ಪೆಕ್ಟರರು ಇದನ್ನೆಲ್ಲ ಬರೆದುಕೊಂಡರು. ಸಸ್ಪೆಂಡ್ ಎಂಬ ಶಬ್ದ ರಾಯರ ಬಾಯಿಂದ ಬಂತು. ಕೇಸು ಎಂಬ ಶಬ್ದ ಇನ್‌ಸ್ಪೆಕ್ಟರರ ಬಾಯಿಂದ ಬಂತು. ಮಾಸ್ತರರು ಕೈಯನ್ನು ಹಿಂದೆ ಕಟ್ಟಿಕೊಂಡು, ಬಲಗೈಯಿಂದ ಎಡಗೈಯ ವಾಚನ್ನು ಮುಚ್ಚಿ, ಗಲ್ಲಿಗೆ ಹೋಗುವ ದೇಶಭಕ್ತನಂತೆ ನೆಟ್ಟಗೆ ನಿಂತರು.

ಅಷ್ಟರಲ್ಲಿ ಕಿಟಕಿಯ ಹೊರಗಿನ ಗುಂಪನ್ನು ಸರಿಸಿಕೊಂಡು ಕುಶಲಾ ಒಳಗೆ ಬಂದಳು. ಗಂಡನನ್ನು ಪೊಲೀಸರು ಹಿಡಿದರೆಂದು ಯಾರೋ ಹೇಳಿದ್ದರು. ಒಲೆ ಆರಿಸಿ ಹಾಗೆಯೇ ಓಡಿಬಂದಿದ್ದಳು. ಅವಳು ಹೆಡ್‌ಮಾಸ್ತರರಿಗೆ ನಮಸ್ಕಾರ ಮಾಡಿ, ಇನ್‌ಸ್ಪೆಕ್ಟರರ ಕಡೆ ತಿರುಗಿ, ಒಂದೇ ಸ್ವರದಲ್ಲಿ ಹೇಳಿದಳು:

"ಇವರ ವಾಚು ನಿಂತು ಒಂದೂವರೆ ತಿಂಗಳಾಯಿತು ಸ್ವಾಮಿ. ಕಡಲಿಗೆ ಇಳಿಸಿ ಹಾಳು ಮಾಡಿದ್ದಾರೆ. ಅದರೊಳಗಿನ ಮೆಶಿನಿನ ನಂಬರು ಅದು, ಚೀಟಿ ಅಂಗಿ ಒಗೆಯುವಾಗ ನನಗೆ ಸಿಕ್ಕಿತ್ತು, ಉಡುಪಿಯ ವಾಚಿನ ಆಚಾರ್ಯರಲ್ಲಿ ಕೇಳಿ ತಿಳಿದುಕೊಂಡೆ. ದಿನಾ ಬೆಳಿಗ್ಗೆ ಕೀಲಿ ಕೊಟ್ಟ ಹಾಗೆ ಮಾಡ್ತಾರೆ. ಬೇಜಾರಾಗುವುದು ಬೇಡ ಅಂತ ನಾನು ಗಂಟೆ ಎಷ್ಟಾಯಿತು ಅಂತ ಕೇಳುವುದನ್ನೇ ಬಿಟ್ಟಿದ್ದೇನೆ."

ಮಾಸ್ತರರು ಗೋಡೆಯ ಮೇಲಿನ ಭಾರತದ ನಕ್ಷೆಯಲ್ಲಿ ಕಾಶ್ಮೀರವನ್ನು ನೋಡುತ್ತಿದ್ದರು. ಜೈಲಿಗೆ ಹೋಗುವುದೇ ಲೇಸಿತ್ತು ಎಂದು ಅವರಿಗೆ ಅನಿಸಿದ್ದು ಸುಳ್ಳಲ್ಲ. ಆದರೆ ಹೆಂಡತಿ ಒಂದೂವರೆ ತಿಂಗಳು ಗಂಟೆ ಕೇಳದೆ ಅಡುಗೆ ಮಾಡಿದಳಲ್ಲ ಎಂಬ ಯೋಚನೆಯೂ ಬಂದು, ಯಾರ ಮೇಲೆ ಕೋಪಿಸಿಕೊಳ್ಳಬೇಕೆಂದು ಅವರಿಗೆ ಮೊದಲ ಬಾರಿಗೆ ತಿಳಿಯಲಿಲ್ಲ.

ಹೆಂಡತಿಯ ಸಾಕ್ಷಿ ಸಾಕ್ಷಿಯಲ್ಲ ಎಂದು ರಾಯರು ಆಕ್ಷೇಪಿಸಿದರು. ಇನ್‌ಸ್ಪೆಕ್ಟರರು ಯೋಚಿಸಿ, ಹಾಗಾದರೆ ಬಿಚ್ಚಿಯೇ ನೋಡೋಣ ಎಂದು ಮಾಸ್ತರರನ್ನೂ ರಾಯರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಉಡುಪಿಗೆ ಹೊರಟರು.

ವಿಷ್ಣುಮೂರ್ತಿ ಆಚಾರ್ಯರ ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಾಗ ಓಣಿಯವರೆಲ್ಲ ಬಾಗಿಲು ಹಾಕಿಕೊಂಡರು. ಆಚಾರ್ಯರು ಮಾತ್ರ ತಲೆಯೆತ್ತದೆ ವಾಚಿನ ಬೆನ್ನು ಬಿಚ್ಚಿ, ಇನ್‌ಸ್ಪೆಕ್ಟರರ ಕಣ್ಣಿಗೆ ತಮ್ಮ ಮಸೂರ ಸಿಕ್ಕಿಸಿ, ತುಕ್ಕಿನ ನಡುವೆ ಕೊರೆದಿದ್ದ ನಾಲ್ಕು ಅಂಕೆಗಳನ್ನು ತೋರಿಸಿದರು. ಇನ್‌ಸ್ಪೆಕ್ಟರರು ಬಹಳ ಹೊತ್ತು ನೋಡಿದರು. ರಾಯರೂ ನೋಡಿದರು, ನೋಡಿ, ಅಂಕೆಗಳು ಸ್ವಲ್ಪ ಅಸ್ಪಷ್ಟವಾಗಿವೆ ಎಂದರು. ಭೋಜ ಮಾಸ್ತರರು ಜೂಜುಕೋರನಲ್ಲ, ಬರೇ ತಲೆಕೆಟ್ಟವನು ಎಂದು ಹೀಗೆ ಅಧಿಕೃತವಾಗಿ ಸಾಬೀತಾಯಿತು.

ಆದರೆ ಇನ್‌ಸ್ಪೆಕ್ಟರರು ಏಳಲಿಲ್ಲ. ಕತ್ತು ಕೆರೆದುಕೊಂಡು, ಅಂಗಿಯ ತೋಳನ್ನು ಮೇಲೆ ಸರಿಸಿ, ಇನ್ನೊಂದು ವಾಚನ್ನು ಬಿಚ್ಚಿ ಇಟ್ಟರು. ಅದಕ್ಕೂ ಎರಡು ಸಣ್ಣ ಮುಖ, ಎರಡು ಗುಂಡಿ. ಮದುವೆಯಲ್ಲಿ ಮಾವನವರು ಕೊಟ್ಟದ್ದು, ಗಂಟೆ ಸರಿಯಾಗಿ ತೋರಿಸುತ್ತದೆ, ಆದರೆ ಗುಂಡಿ ಒತ್ತಿದರೆ ಕೆಂಪು ಮುಳ್ಳು ಅಲ್ಲಾಡುವುದಿಲ್ಲ ಎಂದರು. ಆಚಾರ್ಯರು ಬಿಚ್ಚಿದರು. ಒಳಗೆ 7733.

ಮಾಸ್ತರರು ಮೇಜಿನ ಮೇಲೆ ಬಾಗಿದರು. ಆಚಾರ್ಯರು ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿ ತೀರ್ಪು ಹೇಳಿದರು. ಸಾಹೇಬರ ಮೆಶಿನಿನಲ್ಲಿ ಚಕ್ರಗಳೆಲ್ಲ ಚೆನ್ನಾಗಿವೆ, ಗುಂಡಿಯ ಒಳಗಿನ ಒಂದು ಸನ್ನೆ, ಎಂದರೆ ಲಿವರ್, ಮುರಿದಿದೆ. ಮಾಸ್ತರರದ್ದರಲ್ಲಿ ಚಕ್ರಗಳೆಲ್ಲ ಹೋಗಿವೆ, ಆ ಸನ್ನೆಯೊಂದು ಸರಿ ಉಂಟು. ಎರಡರಿಂದ ಒಂದು ಆಗುತ್ತದೆ. ಒಂದೇ ಆಗುತ್ತದೆ.

ಆ ಒಂದು ಯಾರದ್ದಾಗಬೇಕು ಎಂಬುದರ ಬಗ್ಗೆ ಅಂಗಡಿಯಲ್ಲಿ ಚರ್ಚೆ ಆಗಲಿಲ್ಲ. ಹೊರಗೆ ಜೀಪು ನಿಂತಿತ್ತು. ಅಗ್ಗದ ಮೆಶಿನ್ ಹುಡುಕಿ ಎರಡು ತಾಲೂಕು ಜಾಲಾಡಿದ ಮಾಸ್ತರರು, ತನ್ನ ವಾಚಿನಲ್ಲಿ ಉಳಿದಿದ್ದ ಒಂದೇ ಜೀವಂತ ತುಂಡನ್ನು ಪುಕ್ಕಟೆಯಾಗಿ ಕೊಟ್ಟು ಹೊರಗೆ ಬಂದರು. ಜೀಪಿನಲ್ಲಿ ಹಿಂದೆ ಬರುವಾಗ ಇನ್‌ಸ್ಪೆಕ್ಟರರು ಗುಂಡಿ ಒತ್ತುತ್ತಾ, ನಿಲ್ಲಿಸುತ್ತಾ, ಉದ್ಯಾವರದ ಸೇತುವೆ ದಾಟಲು ಎಷ್ಟು ಸೆಕೆಂಡು ಬೇಕೆಂದು ಅಳೆದರು. ಮಾಸ್ತರರಿಗೆ ಅದನ್ನು ನೋಡಿ ಹೊಟ್ಟೆ ಉರಿಯಿತು. ಇಳಿಯುವಾಗ, ತಡೆಯಲಾರದೆ, "ಸ್ವಾಮಿ, ನನ್ನ ಸನ್ನೆ ನಿಮ್ಮ ಕೈಯಲ್ಲಿ ಉಂಟು. ಹದಿನಾಲ್ಕನೇ ತಾರೀಕು ಮಣಿಪಾಲಕ್ಕೆ ಆ ವಾಚು ಬರಬೇಕು," ಎಂದರು. ಕೇಳಿಕೊಂಡಂತಿರಲಿಲ್ಲ, ಡ್ರಿಲ್ಲಿನ ಆಜ್ಞೆಯಂತಿತ್ತು. ಇನ್‌ಸ್ಪೆಕ್ಟರರು ಹೂಂ ಎಂದುಬಿಟ್ಟರು.

ಮಾತು ಕೊಟ್ಟಂತೆ ಅವರು ಬಂದರು, ಸಮವಸ್ತ್ರದಲ್ಲೇ. ಆದರೆ ವಾಚನ್ನು ಕೈಯಿಂದ ಬಿಚ್ಚಿಕೊಡಲು ಒಪ್ಪಲಿಲ್ಲ. ಮಾವನವರ ವಾಚನ್ನು ಬೇರೆಯವರ ಕೈಗೆ ಕೊಡುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ, ಅದೂ ನಿಮ್ಮ ಕೈಗೆ ಎಂದರೆ ಅವಳು ನನ್ನನ್ನು ಮನೆಗೇ ಸೇರಿಸುವುದಿಲ್ಲ ಎಂದರು. ಮಾಸ್ತರರಿಗೆ ಬಂದ ಕೋಪ ಹೇಳತೀರದು. ಓಟದವರು ಗೆರೆಯಲ್ಲಿ ನಿಂತಾಗಿತ್ತು. ಅವರು ಇನ್‌ಸ್ಪೆಕ್ಟರರ ಎಡಗೈ ಮಣಿಕಟ್ಟನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು, ಮುಕ್ತಾಯದ ಗೆರೆಯ ಬಳಿಗೆ ಎಳೆದುಕೊಂಡು ಹೋಗಿ ನಿಲ್ಲಿಸಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟರು.

ದೂರದಲ್ಲಿ ಕೂತ ಕಾಪುವಿನವರಿಗೆ ಕಂಡದ್ದು ಪೊಲೀಸಿನವರೂ ಮಾಸ್ತರರೂ ಕೈಕೈ ಹಿಡಿದು ನಿಂತದ್ದು ಮಾತ್ರ. ಕೊನೆಗೂ ಹಿಡಿದರು ಎಂಬ ಸುದ್ದಿ ಮೈದಾನದ ಸುತ್ತ ಒಂದು ಸುತ್ತು ಬಂತು. ರಾಮದಾಸ ರಾಯರು ಅಧ್ಯಕ್ಷರ ಪಕ್ಕದ ಕುರ್ಚಿಯಿಂದ ಎದ್ದು ನಿಂತು ನೋಡಿದರು. ಕುಶಲಾ ಮಾತ್ರ ಕೂತಲ್ಲೇ ಕೂತು, ಪಕ್ಕದವಳ ಹತ್ತಿರ, ಇವತ್ತು ಕೇಳಿದರೆ ಗಂಟೆ ಸರಿಯಾಗಿ ಹೇಳುತ್ತಾರೆ ಎಂದಳು.

ನೂರು ಮೀಟರ್ ಓಟ ಮುಗಿಯಿತು. ಮಾಸ್ತರರು ಮುಳ್ಳನ್ನು ನೋಡಿ, ಹನ್ನೊಂದು ಸೆಕೆಂಡು, ಐದರಲ್ಲಿ ಮೂರು ಪಾಲು ಎಂದು ಇಡೀ ಮಣಿಪಾಲಕ್ಕೆ ಕೇಳುವಂತೆ ಸಾರಿದರು. ಸುತ್ತಲೂ ಚಪ್ಪಾಳೆ ಬಿತ್ತು. ಕೈ ಮರಗಟ್ಟಿದ್ದ ಇನ್‌ಸ್ಪೆಕ್ಟರರು ಮೆಲ್ಲಗೆ ಎಳೆದುಕೊಳ್ಳಲು ನೋಡಿ, "ಮೇಷ್ಟ್ರೇ, ಆಯ್ತಲ್ಲಾ, ಬಿಡಿ ಈಗ," ಎಂದರು.

ಭೋಜ ಮಾಸ್ತರರು ಹಿಡಿತವನ್ನು ಸಡಿಲಿಸಲಿಲ್ಲ. ಇನ್ನೂರು ಉಂಟು, ನಾನೂರು ಉಂಟು, ಎಂಟುನೂರು ಉಂಟು, ರಿಲೇ ಬೇರೆ ಉಂಟು ಎಂದು ಹೇಳಿ, ನೆಟ್ಟಗೆ ನಿಲ್ಲಿ, ಕೈ ಅಲ್ಲಾಡಿಸಬೇಡಿ ಎಂದು ಗದರಿಸಿದರು. ಸಂಜೆ ಐದು ಗಂಟೆ ಏಳು ನಿಮಿಷದವರೆಗೆ ಇನ್‌ಸ್ಪೆಕ್ಟರರು ಮಾಸ್ತರರ ವಶದಲ್ಲಿದ್ದರು.